ನೂರೈವತ್ತೈದು ಮೈಲಿ, ಒಂದು ಗಂಟೆ ಐದು ನಿಮಿಷ

ನನ್ನ ಅಡಿಗೆಮನೆಯಲ್ಲಿ ಉಪ್ಪಿನ ಭರಣಿಗೆ ಒಂದು ರಟ್ಟಿನ ಚೂರು ಮುಚ್ಚಿರುತ್ತದೆ. ಬಂದವರು ಅದನ್ನು ಎತ್ತಿ ಓದಿದರೆ ನನಗೆ ಸಿಟ್ಟು ಬರುತ್ತದೆ. ಓದದೆ ಪಕ್ಕಕ್ಕಿಟ್ಟರೆ ಇನ್ನೂ ಸಿಟ್ಟು ಬರುತ್ತದೆ. ಅದರ ಮೇಲೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಹೀಗೆ ಬರೆದಿದೆ: 'ಬೆಂಗಳೂರು ವಿಮಾನ ನಿಲ್ದಾಣದಿಂದ ಬಳ್ಳಾರಿ ವಿಮಾನ ನಿಲ್ದಾಣಕ್ಕೆ. ದೂರ, ನೂರೈವತ್ತೈದು ಮೈಲಿ. ಹಾರುವ ಕಾಲ, ಒಂದು ಗಂಟೆ ಐದು ನಿಮಿಷ.' ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ. ಗೆರೆ ಎಳೆಯದೆ ಯಾವುದನ್ನೂ ಬರೆದು ಮುಗಿಸುವ ಜಾತಿಯಲ್ಲ ನಮ್ಮ ಭಾವ.

ಬೇರೆಯವರ ಮನೆ ಅಳಿಯಂದಿರು ಮೊದಲ ದೀಪಾವಳಿಗೆ ಬರುವಾಗ ಮಾವನಿಗೆ ಪಂಚೆ ತರುತ್ತಾರೆ, ಇಲ್ಲವೇ ಒಂದು ಕೊಡೆ. ನಮ್ಮ ಭಾವ ತಂದದ್ದು ಈ ರಟ್ಟು. ಗಾಜು ಹಾಕಿಸಿ, ಕಟ್ಟು ಕಟ್ಟಿಸಿ ತಂದಿದ್ದರು. ಗಾಜೂ ಕಟ್ಟೂ ಆಮೇಲೆ ಹೋದವು, ರಟ್ಟು ಉಳಿಯಿತು. ಅಪ್ಪ ಪಾವಗಡದ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದವರು, ಬೆಲ್ಲ ತೂಗುವುದರಲ್ಲಿ ಗಟ್ಟಿ, ಮನುಷ್ಯರನ್ನು ತೂಗುವುದರಲ್ಲಿ ಪೆದ್ದು. ಅವರು ಆ ರಟ್ಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡು, ಶಿವನ ಪಟದ ಪಕ್ಕದಲ್ಲಿ ಮೊಳೆ ಹೊಡೆದು ತೂಗುಹಾಕಿದರು. ಅಜ್ಜಿ ದಿನಾ ಬೆಳಿಗ್ಗೆ ಶಿವನಿಗೆ ಒಂದು, ಬಳ್ಳಾರಿ ವಿಮಾನಕ್ಕೆ ಒಂದು ಹೂ ಇಡುತ್ತಿದ್ದರು. ಓದು ಬಾರದ ಅಜ್ಜಿಗೆ ಅದೂ ಯಾವುದೋ ದೇವರ ಮಂತ್ರವಾಗಿತ್ತು. ನಾನು ತಿದ್ದಲು ಹೋಗಲಿಲ್ಲ.

ಭಾವ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಗುಮಾಸ್ತೆ. ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ ಎಷ್ಟು ಮೈಲಿ, ಹಾರಲು ಎಷ್ಟು ಹೊತ್ತು ಎಂದು ಪಟ್ಟಿ ಬರೆದು ಗೋಡೆಗೆ ಅಂಟಿಸುವುದು ಅವರ ಕೆಲಸ. ತಾವು ಒಂದು ಸಲವೂ ಹಾರಿದವರಲ್ಲ. ಆದರೆ ಮಾತು ಕೇಳಿದರೆ ಬೆಳಿಗ್ಗೆ ಹಲ್ಲುಜ್ಜುವುದು ಬೆಂಗಳೂರಿನಲ್ಲಿ, ಬಾಯಿ ಮುಕ್ಕಳಿಸುವುದು ಬಳ್ಳಾರಿಯಲ್ಲಿ ಎಂದುಕೊಳ್ಳಬೇಕು. ಊಟಕ್ಕೆ ಕೂತರೂ ಎಡಗೈ ಮಣಿಕಟ್ಟಿನ ಗಡಿಯಾರ ಎದುರಿಗೆ ಕಾಣುವ ಹಾಗೆ ತಿರುಗಿಸಿಕೊಂಡೇ ಕೂರುತ್ತಿದ್ದರು. ಅಜ್ಜಿ ಮುದ್ದೆ ಬಡಿಸಿ ಸಾರು ತರುವಷ್ಟರಲ್ಲಿ, 'ಇಷ್ಟರಲ್ಲಿ ವಿಮಾನ ಎಂಟು ಮೈಲಿ ಹೋಗಿರುತ್ತದೆ' ಎಂದರು ಒಮ್ಮೆ. ಅಜ್ಜಿ ಸಾರಿನ ಪಾತ್ರೆ ಹಿಡಿದು ನಿಂತುಬಿಟ್ಟರು.

'ಸಾರು ಹಾಕ್ಲಾ, ಇಲ್ಲ ಅದು ನಿಂತ್ಕಣ್ಲಿ ಅಂತ ಕಾಯ್ಲಾ?' ಎಂದು ಕೇಳಿದರು.

ನಮ್ಮ ಕಡೆ ದೂರ ಅಳೆಯುವ ರೀತಿಯೇ ಬೇರೆ, ಅದನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಹತ್ತಿರವಾದರೆ ಕೂಗಳತೆ. ಸ್ವಲ್ಪ ಹೆಚ್ಚಾದರೆ ಒಂದು ಎಲೆಯಡಿಕೆ, ಅಂದರೆ ಬಾಯಿಗೆ ಹಾಕಿಕೊಂಡ ಎಲೆಯಡಿಕೆ ರಸ ಬಿಟ್ಟು ಮುಗಿಯುವಷ್ಟು ನಡಿಗೆ. ಎಷ್ಟೇ ದೂರವಿದ್ದರೂ ಮೂರು ಎಲೆಯಡಿಕೆಗಿಂತ ಹೆಚ್ಚು ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ದಾರಿಹೋಕ ಸುಸ್ತಾಗಿ ನಿಂತು ಕೇಳಿದರಂತೂ ಅಪ್ಪಿತಪ್ಪಿ ನಿಜ ಹೇಳಬಾರದು. ಹೇಳಿದರೆ ಅವನ ಕಾಲು ಬಿದ್ದುಹೋಗುತ್ತದಂತೆ, ಆ ಪಾಪ ಹೇಳಿದವರಿಗೆ ತಗಲುತ್ತದಂತೆ. 'ಇಲ್ಲೇ ಕಣಪ್ಪ, ಆ ಬೇವಿನ ಮರ ದಾಟಿದ್ರೆ ಆಯ್ತು' ಎನ್ನಬೇಕು. ಬೇವಿನ ಮರ ದಾಟಿದ ಮೇಲೆ ಇನ್ನೊಬ್ಬರು ಸಿಗುತ್ತಾರೆ, ಇನ್ನೊಂದು ಮರ ತೋರಿಸುತ್ತಾರೆ. ಮಧುಗಿರಿಯಿಂದ ಪಾವಗಡಕ್ಕೆ ಹೀಗೆ ಮರ ಮರ ದಾಟಿ ಬಂದವರು ಬೇಕಾದಷ್ಟು ಜನ. ಇಂಥ ಊರಿಗೆ ನಿಮಿಷದ ಲೆಕ್ಕದ ಅಳಿಯ ಬಂದಿದ್ದು ನಮ್ಮ ಪುಣ್ಯ.

ಆ ದೀಪಾವಳಿಗೆ ಅವರು ಬಂದದ್ದು ಇದ್ದಿಲು ಬಸ್ಸಿನಲ್ಲಿ. ಯುದ್ಧ ಮುಗಿದಿದ್ದರೂ ಪೆಟ್ರೋಲಿಗೆ ರೇಷನ್ನು ಮುಗಿದಿರಲಿಲ್ಲ. ಬಸ್ಸಿನ ಬೆನ್ನಿಗೆ ಒಂದು ಕಬ್ಬಿಣದ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯ ಬಲದಲ್ಲಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಅನ್ನುವುದು ದೊಡ್ಡ ಮಾತು. ಕೊರಟಗೆರೆ ದಾಟಿ ಏರು ಸಿಕ್ಕ ತಕ್ಷಣ ಅದು ಕೆಮ್ಮುತ್ತಿತ್ತು. ಸಿರಾದ ಬಾಷಾ ಸಾಬರು ಡ್ರೈವರು. 'ಉತರೋ ಸ್ವಾಮಿ, ಎಲ್ರೂ ಇಳೀರಿ, ಗಾಡಿಗೆ ದಮ್ ಹತ್ತೈತೆ, ಜರಾ ದಬ್ಬಿ' ಎಂದು ಅವರು ಸಮಾಧಾನವಾಗಿ ಹೇಳುವರು. ಭಾವ ಹೊಸ ಕೋಟು ತೊಟ್ಟು ಬಸ್ಸನ್ನು ಮೂರು ಕಡೆ ದಬ್ಬಿದ್ದಾರೆ. ಮನೆಗೆ ಬಂದಾಗ ಮುಖದಲ್ಲಿ ಕಣ್ಣು ಹಲ್ಲು ಎರಡೇ ಬೆಳ್ಳಗೆ. ಹಿತ್ತಲಲ್ಲಿ ಎರಡು ಹಂಡೆ ನೀರು ಮುಗಿಸಿ ಹೊರಗೆ ಬಂದವರು, ಹಬ್ಬಕ್ಕೆ ಬಂದ ಬಂಧುಗಳೆಲ್ಲರ ಮುಂದೆ ತಲೆ ಒರೆಸಿಕೊಳ್ಳುತ್ತ ಪ್ರತಿಜ್ಞೆ ಮಾಡಿದರು.

'ಇನ್ನೊಂದು ಸಲ ನಾನು ಪಾವಗಡಕ್ಕೆ ಬಂದರೆ ವಿಮಾನದಲ್ಲೇ ಬರುವುದು. ಈ ಬಸ್ಸಿನಲ್ಲಿ ಬಂದರೆ ನನ್ನನ್ನು ಕೇಳಿ.'

ಅಪ್ಪ ಹಿಗ್ಗಿ ಹೀರೇಕಾಯಿಯಾದರು. 'ಎಲ್ಲಿ ಇಳೀತೀರಿ ಅಳಿಯಂದ್ರೇ? ಬಲಸಮುದ್ರದ ತಾವ ಬೇಕಾದಂಗೆ ಬಯಲೈತೆ, ಒಂದು ಕಲ್ಲು ಅಡ್ಡ ಬರಕಿಲ್ಲ.'

'ಅಲ್ಲಿಂದ ಮನೆಗೆ ಗಾಡಿ ಕಟ್ಟಬೇಕಲ್ಲ, ಅದಕ್ಕೇ ಅರ್ಧ ದಿನ ಆಯ್ತದೆ' ಎಂದರು ಅಜ್ಜಿ. ಈ ಮನೆಯಲ್ಲಿ ಲೆಕ್ಕ ಬರುತ್ತಿದ್ದುದು ಅವರಿಗೊಬ್ಬರಿಗೇ. ಅಮ್ಮ ನಾನು ಸಣ್ಣವಳಿದ್ದಾಗಲೇ ತೀರಿಹೋಗಿದ್ದರಿಂದ ಮನೆ ನಡೆಸುತ್ತಿದ್ದವರು ಅಜ್ಜಿಯೇ.

ಇಷ್ಟೆಲ್ಲ ಜರೆಯುತ್ತಿದ್ದೇನಲ್ಲ, ಆಗ ನಾನೇನು ಕಮ್ಮಿಯಿದ್ದೆನೇ? ನನಗೆ ಹದಿನೈದು ವರ್ಷ. ಮಿಡ್ಲ್‌ಸ್ಕೂಲು ಮುಗಿಸಿ ಮನೆಯಲ್ಲಿದ್ದೆ. ಬೆಂಗಳೂರಿಗೂ ಬಳ್ಳಾರಿಗೂ ಭೂಪಟದ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದು, ಆ ಗೆರೆ ಸರಿಯಾಗಿ ಪಾವಗಡದ ನೆತ್ತಿಯ ಮೇಲೇ ಹೋಗುತ್ತದೆಂದು ಕಂಡುಹಿಡಿದವಳು ನಾನೇ. ಕಂಡುಹಿಡಿದು ಸುಮ್ಮನಿದ್ದೆನೇ? ಬೀದಿಗೆಲ್ಲ ಸಾರಿದೆ. ಆಮೇಲೆ ನಮ್ಮೂರಿನವರ ಜಂಭ ನೋಡಬೇಕಿತ್ತು. ಮಧುಗಿರಿಯವರು ಸಂತೆಗೆ ಬಂದರೆ, 'ನಿಮ್ಮೂರ ಮೇಲೆ ವಿಮಾನ ಹೋಗ್ತದಾ? ಹೋಗಕಿಲ್ಲ ಬುಡಿ, ಅದು ಪಕ್ಕದಾಗೆ ಹೋಗ್ತದೆ' ಎಂದು ಮೂಗು ಮುರಿಯುತ್ತಿದ್ದರು. ಮಧುಗಿರಿಯವರ ಮುಖ ಸಪ್ಪಗಾಗುತ್ತಿತ್ತು. ಇಳಿಯದ, ಹತ್ತಿಸಿಕೊಳ್ಳದ, ಒಂದು ಹಿಡಿ ಧೂಳನ್ನೂ ಎಬ್ಬಿಸದ ವಿಮಾನಕ್ಕಾಗಿ ಎರಡು ತಾಲ್ಲೂಕಿನ ಜನ ಮನಸ್ಸು ಕೆಡಿಸಿಕೊಂಡಿದ್ದರು.

ಈಗ ನನ್ನ ಅಕ್ಕನ ವಿಷಯಕ್ಕೆ ಬರುತ್ತೇನೆ. ಗೌರಕ್ಕ ನನಗಿಂತ ಐದು ವರ್ಷ ದೊಡ್ಡವಳು. ನನ್ನ ಬಾಯಿ ಎಷ್ಟು ದೊಡ್ಡದೋ ಅವಳದು ಅಷ್ಟು ಸಣ್ಣದು. ಚೊಚ್ಚಲ ಹೆರಿಗೆಗೆ ಅಪ್ಪನೇ ಹೋಗಿ ಅವಳನ್ನು ಕರೆದುಕೊಂಡು ಬಂದಿದ್ದರು. ಹೆಣ್ಣುಮಗು ಹುಟ್ಟಿತು. ಭಾವನಿಗೆ ಕಾಗದ ಹೋಯಿತು. 'ಬಹಳ ಸಂತೋಷ, ರಜಾ ಸಿಕ್ಕಿಲ್ಲ' ಎಂದು ಉತ್ತರ ಬಂತು. ತಿಂಗಳಾಯಿತು, ಇನ್ನೊಂದು ಕಾಗದ: 'ರಜಾ ಸಿಕ್ಕಿಲ್ಲ, ಬಸ್ಸಿನ ವಿಷಯ ನಿಮಗೆ ಗೊತ್ತೇ ಇದೆ.' ಎರಡು ತಿಂಗಳಾಯಿತು. 'ವಿಮಾನದ ಏರ್ಪಾಟು ನೋಡುತ್ತಿದ್ದೇನೆ.' ಮಗುವಿನ ಅಪ್ಪ ಬರದೆ ಹೆಸರಿಡುವುದು ಹೇಗೆ? ಮಗು ಮೂರು ತಿಂಗಳಾದರೂ ಬರೀ 'ಕೂಸು' ಆಗಿಯೇ ಇತ್ತು.

ಬೀದಿಯಲ್ಲಿ ನಾಲಗೆಗಳಿಗೆ ಬರವೇ? ಎದುರುಮನೆ ನರಸಮ್ಮ ಆಂಧ್ರದ ಕಡೆಯಿಂದ ಬಂದವಳು, ಕನ್ನಡ ತೆಲುಗು ಎರಡನ್ನೂ ಒಂದೇ ಒರಳಿಗೆ ಹಾಕಿ ರುಬ್ಬುವವಳು. 'ಏಮಮ್ಮಾ ಗೌರೀ, ನಿನ್ ಮೊಗುಡು ಕೂಸ್ನ ಇನ್ನೂ ಚೂಡಲೇದಾ? ಆಡಪಿಲ್ಲ ಅಂತ ಕೋಪಾನಾ?' ಎಂದು ಬಾವಿಕಟ್ಟೆಯಲ್ಲಿ ಎಲ್ಲರೆದುರು ಕೇಳಿದಳು. ಗಂಡ ಇನ್ನೂ ಮಗು ನೋಡಿಲ್ಲವಾ, ಹೆಣ್ಣೆಂದು ಸಿಟ್ಟಾ ಎಂದು. ಅಕ್ಕ ಕೊಡ ಎತ್ತಿಕೊಂಡು ಬಂದುಬಿಟ್ಟಳು. ಅವತ್ತು ಹಿತ್ತಲಲ್ಲಿ ಕೂತು ಬಹಳ ಹೊತ್ತು ಮಗುವಿನ ಬಟ್ಟೆ ಒಗೆದಳು. ಒಗೆದದ್ದನ್ನೇ ಮತ್ತೆ ಒಗೆದಳು. ನನಗೆ ಆ ಗುಮಾಸ್ತೆಯ ಗಡಿಯಾರವನ್ನು ಕಿತ್ತು ಬಾವಿಗೆ ಹಾಕಬೇಕು ಅನ್ನಿಸಿತು.

ಅಷ್ಟರಲ್ಲಿ ಆ ಪ್ರಸಿದ್ಧವಾದ ಕಾಗದ ಬಂತು. ಅಕ್ಕನಿಗೆ ಓದು ಅಷ್ಟಕ್ಕಷ್ಟೇ, ಅವಳ ಕಾಗದಗಳನ್ನು ಓದುವವಳೂ ಬರೆಯುವವಳೂ ನಾನೇ. ಹಜಾರದಲ್ಲಿ ಎಲ್ಲರ ಮುಂದೆ ಓದಿದೆ. 'ಬರುವ ಶನಿವಾರ ಕಚೇರಿ ಕೆಲಸದ ಮೇಲೆ ವಿಮಾನದಲ್ಲಿ ಬಳ್ಳಾರಿಗೆ ಹೊರಟಿದ್ದೇನೆ. ಒಂಬತ್ತು ಗಂಟೆಗೆ ಬೆಂಗಳೂರು ಬಿಟ್ಟರೆ ಒಂಬತ್ತು ಮೂವತ್ತನಾಲ್ಕಕ್ಕೆ ಸರಿಯಾಗಿ ಪಾವಗಡದ ಮೇಲಿರುತ್ತೇನೆ. ಮಗುವನ್ನು ಮಾಳಿಗೆಯ ಮೇಲೆ ಎತ್ತಿ ಹಿಡಿಯತಕ್ಕದ್ದು. ನಾನು ಮೇಲಿನಿಂದ ನೋಡುತ್ತೇನೆ.' ಕೆಳಗೆ ಎರಡು ಕೆಂಪು ಗೆರೆ.

ಹಿಡಿಯತಕ್ಕದ್ದಂತೆ! ಅಮಲ್ದಾರರು ಶ್ಯಾನುಭೋಗರಿಗೆ ಬರೆದ ಹುಕುಂ ಹಾಗೆ! ನಾನು ಕಿಡಿಕಿಡಿಯಾದೆ. ಆದರೆ ಅಕ್ಕನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಮೂರು ತಿಂಗಳಲ್ಲಿ ಮೊದಲ ಸಲ ಅದು ಅರಳಿತ್ತು. 'ಹೆಂಗಾದ್ರೂ ನೋಡ್ತಾರಲ್ಲ' ಎಂದಳು. ಅಷ್ಟೇ ಅಂದದ್ದು.

ಅಜ್ಜಿ ಬೆರಳು ಎಣಿಸುತ್ತ ಕೂತಿದ್ದರು. 'ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ ಕಣ್ರೋ' ಎಂದರು. 'ಕೂಸು ಇನ್ನೂ ಹೊಸ್ಲು ದಾಟಿಲ್ಲ, ಹೆಸರಿಟ್ಟಿಲ್ಲ, ತೊಟ್ಲಿಗೆ ಹಾಕಿಲ್ಲ. ಮೊದಲ್ನೇ ಸಲ ಆಕಾಶ ತೋರ್ಸದು ರಾಹುಕಾಲದಾಗಾ? ನನ್ನ ಜೀವ ಇರಗಂಟ ಆಗಕಿಲ್ಲ.'

ಅಪ್ಪ ಗೋಗರೆದರು. 'ಅವ್ವಾ, ವಿಮಾನ ರಾಹುಕಾಲ ಕೇಳ್ತದಾ?'

'ಅದು ಕೇಳ್ದಿದ್ರೆ ಅದು ಕೆಡ್ಲಿ. ನನ್ನ ಕೂಸು ಯಾಕೆ ಕೆಡಬೇಕು?'

ಎರಡು ದಿನ ಮನೆಯಲ್ಲಿ ಇದೇ ಕದನ. ಅಕ್ಕ ಊಟ ಬಿಟ್ಟಳು. ಶುಕ್ರವಾರ ಸಂಜೆ ಅಜ್ಜಿಯೇ ದಾರಿ ಹುಡುಕಿದರು. ನಮ್ಮಲ್ಲಿ ನಾಮಕರಣದ ದಿನ ಮಗುವನ್ನು ತೊಟ್ಟಿಲಿಗೆ ಹಾಕುವ ಮುಂಚೆ ಒರಳಿನ ಗುಂಡುಕಲ್ಲನ್ನು ಹಾಕಿ ತೂಗುತ್ತಾರೆ. ಅದಕ್ಕೆ ಗುಂಡಪ್ಪ ಎಂದು ಹೆಸರು. ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ, ಬರುವ ಕೆಟ್ಟದ್ದೆಲ್ಲ ಕಲ್ಲಿಗೇ ಬರಲಿ ಎಂದು. 'ತೊಟ್ಲಿಗೆ ಮೊದ್ಲು ಗುಂಡಪ್ಪ ಹೋಗಕಿಲ್ವಾ? ಅಂಗೇ ಆಕಾಶಕ್ಕೂ ಮೊದ್ಲು ಗುಂಡಪ್ಪ' ಎಂದರು ಅಜ್ಜಿ. 'ರಾಹು ಅದನ್ನ ಏನು ಬೇಕಾದ್ರೂ ಮಾಡ್ಕಳ್ಲಿ. ಅಷ್ಟೆತ್ತರದಿಂದ ಅಳಿಯಂದ್ರಿಗೆ ಏನು ಗೊತ್ತಾಯ್ತದೆ? ಮುಂದಿನ ಸಲ ವಿಮಾನ ಒಳ್ಳೆ ಟೈಮಿಗೆ ಬಂದ್ರೆ ಕೂಸ್ನ ಎತ್ತಾನ.'

ನಗಬೇಡಿ. ಆ ಹೊತ್ತಿಗೆ ಅದು ನಮಗೆಲ್ಲ ಬಹಳ ಸರಿಯಾದ ಮಾತಾಗಿ ಕಂಡಿತು. ಅಕ್ಕ ಮಾತ್ರ 'ಹೂಂ' ಎಂದಷ್ಟೇ ಅಂದು ಒಳಗೆ ಹೋದಳು.

ಶನಿವಾರ ಬೆಳಿಗ್ಗೆ ಇಡೀ ಪೇಟೆ ಮಾಳಿಗೆಗಳ ಮೇಲಿತ್ತು. ಸಾರಿದವಳು ನಾನೇ ಅಲ್ಲವೇ? ತಾಲ್ಲೂಕು ಕಚೇರಿಯಲ್ಲಿ ಒಂಬತ್ತು ಗಂಟೆ ಬಾರಿಸಿದ ಮೇಲೆ ಯಾರೂ ಕೆಳಗಿಳಿಯಲಿಲ್ಲ. ನರಸಮ್ಮ ಕಡಲೆಕಾಯಿ ಹುರಿದುಕೊಂಡೇ ಹತ್ತಿದ್ದಳು. ಅಜ್ಜಿ ಗುಂಡುಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಅಕ್ಕನ ಮದುವೆಯ ಕೆಂಪು ಶಾಲು ಸುತ್ತಿ, ತುದಿಗೆ ಮಗುವಿನ ಕುಲಾವಿ ಕಟ್ಟಿದರು. ಆಮೇಲೆ ಅದಕ್ಕೆ ದೃಷ್ಟಿ ತಾಗದಿರಲೆಂದು ಕಾಡಿಗೆಯ ಬೊಟ್ಟನ್ನೂ ಇಟ್ಟರು. ಕಲ್ಲಿಗೆ! ಬಾಣಂತಿ ಭಾರ ಎತ್ತಬಾರದೆಂದು ಎತ್ತುವ ಕೆಲಸ ನನಗೆ ಬಂತು. ಅರ್ಧ ಮಣಕ್ಕೆ ಕಮ್ಮಿಯಿಲ್ಲದ ಕಲ್ಲು. ಅದನ್ನು ಎದೆಗವಚಿಕೊಂಡು ನಾನು ಮಾಳಿಗೆಯ ನಡುವೆ ನಿಂತೆ. ಮನಸ್ಸಿನಲ್ಲಿ ಇನ್ನೊಂದು ಆಸೆಯೂ ಇತ್ತು, ಈಗ ಹೇಳಲು ನಾಚಿಕೆ. ಭಾವ ಮೇಲಿನಿಂದ ನನಗೊಂದು ರೇಷ್ಮೆ ಟೇಪು ಎಸೆಯಬಹುದು ಅಂದುಕೊಂಡಿದ್ದೆ. ಎಸೆದರೆ ಯಾವ ಕಡೆ ಬೀಳುತ್ತದೆ ಎಂದು ಗಾಳಿ ಕೂಡ ನೋಡಿಕೊಂಡಿದ್ದೆ.

ಅಕ್ಕ ಮಗುವನ್ನು ಎತ್ತಿಕೊಂಡು ಮೆಟ್ಟಿಲ ಬಾಗಿಲ ಒಳಗೆ, ನೆರಳಿನಲ್ಲಿ ನಿಂತಿದ್ದಳು.

ಮೊದಲು ದುಂಬಿಯಂಥ ಸದ್ದು. 'ಅದಿಗೋ! ವಸ್ತುಂದಿ! ಬಂತು ಕಣ್ರೇ!' ಎಂದು ನರಸಮ್ಮ ಕಿರುಚಿದಳು. ಬೆಟ್ಟದ ಕೋಟೆಗಿಂತ ಎಷ್ಟೋ ಎತ್ತರದಲ್ಲಿ ಬೆಳ್ಳಗೆ ಒಂದು ಗರುಡನಷ್ಟು ಗಾತ್ರದ್ದು ಬಂತು. ನಾನು ಉಸಿರು ಕಟ್ಟಿ ಗುಂಡಪ್ಪನನ್ನು ತಲೆಯ ಮೇಲಕ್ಕೆ ಎತ್ತಿದೆ. ಊರೆಲ್ಲ ಟವೆಲು ಬೀಸಿತು. ಅಪ್ಪ ಕೈ ಮುಗಿದುಕೊಂಡು ನಿಂತಿದ್ದರು. ಎಲೆಗೆ ಸುಣ್ಣ ಹಚ್ಚಿ ಮಡಿಸಿ ಬಾಯಿಗಿಡುವಷ್ಟು ಹೊತ್ತು ಇರಬಹುದು. ಅದು ಹೋಗಿಯೇಬಿಟ್ಟಿತು. ತೋಳು ಸೋತು ನಾನು ಕಲ್ಲನ್ನು ಕೆಳಗಿಟ್ಟ ರಭಸಕ್ಕೆ ಮಾಳಿಗೆಯ ಮಣ್ಣು ಉದುರಿ ಕೆಳಗೆ ಹಾಲಿನ ಪಾತ್ರೆಗೆ ಬಿತ್ತು. ರೇಷ್ಮೆ ಟೇಪು ಬೀಳಲಿಲ್ಲ.

ಅಕ್ಕ ಬಾಗಿಲಿನಿಂದಲೇ ಕೇಳಿದಳು. 'ಅದು ಸ್ವಲ್ಪನಾದ್ರೂ ನಿಧಾನ ಮಾಡ್ತಾ?'

ನಾನು 'ಮಾಡ್ತು ಕಣಕ್ಕ, ಬೇಕಾದಷ್ಟು ಮಾಡ್ತು' ಎಂದೆ. ದಾರಿಹೋಕರಿಗೆ ಬೇವಿನ ಮರ ತೋರಿಸುವ ಜನದವಳು ನಾನು. ಅಷ್ಟು ಹೇಳದಿದ್ದರೆ ಹೇಗೆ?

ಎಂಟು ದಿನ ಬಿಟ್ಟು ಕಾಗದ ಬಂತು. ನಾನು ಓದಿದ್ದನ್ನು ನಿಮಗೆ ಹಾಗೇ ಹೇಳುತ್ತೇನೆ, ಮರೆಯುವಂಥದ್ದಲ್ಲ. 'ನಮ್ಮ ಕೂಸನ್ನು ಕಣ್ತುಂಬ ನೋಡಿದೆ. ಬಿಳಿ ವಸ್ತ್ರದಲ್ಲಿ ಅದು ಮುದ್ದಾಗಿ ಕೈಕಾಲು ಆಡಿಸುತ್ತಿತ್ತು. ಥೇಟ್ ನಮ್ಮ ತಾಯಿಯವರ ಮುಖ. ನಾನು ಕೈ ಬೀಸಿದ್ದು ನಿಮಗೆ ಕಂಡಿರಬಹುದು.'

ನಾನು ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕೆ. ಕೈಕಾಲು ಆಡಿಸಿತಂತೆ ಗುಂಡಪ್ಪ! ಭಾವನ ತಾಯಿಯವರ ಮುಖವಂತೆ! ಅಪ್ಪ ಗದರಿಕೊಳ್ಳಲು ಬಂದವರು ತಾವೇ ಮೀಸೆಯ ಮೇಲೆ ಕೈ ಅಡ್ಡ ಹಿಡಿದರು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, 'ಬೀಗಿತಿ ಮುಖ ಅಂಗೇ ಐತೆ ಬುಡು, ಸುಳ್ಳೇನಲ್ಲ' ಎಂದು ಬೆಂಕಿಗೆ ತುಪ್ಪ ಹೊಯ್ದರು.

ಅಕ್ಕ ನಗಲಿಲ್ಲ. 'ಯಾವ ಬಣ್ಣದ ಬಟ್ಟೆ ಅಂತ ಬರ್ದವ್ರೆ? ಇನ್ನೊಂದ್ಸಲ ಓದು' ಎಂದಳು.

'ಬಿಳಿ' ಎಂದೆ. ಅಂದ ಮೇಲೆ ನನ್ನ ನಗೆ ನಿಂತಿತು. ಊರಿಗೆ ಊರೇ ನೋಡಿದ ಕೆಂಪು ಶಾಲು ಅದು. ಕೆಂಪು ಕಾಣಿಸದವರಿಗೆ ಕೈಕಾಲು ಕಂಡದ್ದು ಹೇಗೆ? ಭಾವ ಆ ವಿಮಾನದಲ್ಲಿ ಇರಲೇ ಇಲ್ಲ. ಇಲ್ಲದ ಅಪ್ಪನಿಗೆ ನಾವು ಇಲ್ಲದ ಮಗುವನ್ನು ಎತ್ತಿ ತೋರಿಸಿದ್ದೆವು, ಊರೆಲ್ಲ ನಿಂತು ಟವೆಲು ಬೀಸಿತ್ತು.

ಅಕ್ಕ ಎದ್ದು ಅಡಿಗೆಮನೆಗೆ ಹೋದಳು. ಒರಳಿನಿಂದ ಗುಂಡುಕಲ್ಲನ್ನು ತೆಗೆದು ತೊಳೆದು, ಅದೇ ಕೆಂಪು ಶಾಲು ಸುತ್ತಿ, ಅದೇ ಕುಲಾವಿ ಕಟ್ಟಿ, ಮೇಲೆ ಗೋಣಿತಾಟು ಹೊಲಿಯಲು ಕೂತಳು.

'ಏನೇ ಗೌರಿ ಇದು?' ಎಂದರು ಅಪ್ಪ.

'ಅವರು ಮೇಲಿಂದ ನೋಡಿದ ಕೂಸು. ಅವರ ತಾವಕ್ಕೇ ಕಳಿಸ್ತೀನಿ.'

'ಅಳಿಯಂದ್ರಿಗೆ ಕಲ್ಲು ಕಳಿಸೋದುಂಟೇನವ್ವಾ? ನಾಕು ಜನ ಏನಂತಾರೆ?'

'ನಾಕು ಜನ ಮೂರು ತಿಂಗಳಿಂದ ಅಂತಾನೇ ಅವ್ರೆ' ಎಂದಳು ಅಕ್ಕ. ಆ ದನಿ ನಾನು ಅವಳಲ್ಲಿ ಹಿಂದೆ ಕೇಳಿರಲಿಲ್ಲ. ಅಪ್ಪ ಎದ್ದು ಅಂಗಡಿಗೆ ಹೋದರು.

ಅಜ್ಜಿ ಕೊನೆಯ ಪ್ರಯತ್ನ ಮಾಡಿದರು. 'ಅಲ್ಲ ಕಣವ್ವ, ನಾನು ಚಟ್ನಿ ಹೆಂಗೆ ರುಬ್ಬಲಿ? ಒರಳು ಬಾಯಿ ಬುಟ್ಕಂಡು ಕೂತೈತೆ.'

'ಅದಕ್ಕೇ ಅವರು ಬರಬೇಕು' ಎಂದಳು.

ಕಾಗದ ಅವಳು ಹೇಳಿದಳು, ನಾನು ಬರೆದೆ. ನನ್ನ ಕಡೆಯಿಂದ ನಾಲ್ಕು ಖಾರದ ಮಾತು ಸೇರಿಸೋಣ ಎಂದು ಅಂಗಲಾಚಿದೆ, ಬಿಡಲಿಲ್ಲ. ಒಟ್ಟು ಮೂರೇ ವಾಕ್ಯ. 'ನೀವು ನೋಡಿದ ಮಗುವನ್ನು ಕಳಿಸಿದ್ದೇನೆ. ನೀವು ನೋಡದ ಮಗು ಇಲ್ಲಿದೆ. ಅಜ್ಜಿಗೆ ಒರಳಿನ ಗುಂಡು ಬೇಕು, ನೀವೇ ತಂದು ಕೊಡಿ.' ಕೆಳಗೆ ಎರಡು ಕೆಂಪು ಗೆರೆ ಎಳೆದದ್ದು ಮಾತ್ರ ನನ್ನ ಸ್ವಂತ. ಗಂಟನ್ನು ಬಾಷಾ ಸಾಬರ ಕೈಗೆ ಕೊಟ್ಟೆವು. ಅವರು ಎತ್ತಿ ನೋಡಿ, 'ಯಾ ಅಲ್ಲಾ, ಏನಮ್ಮಾ ಇದು, ಬಂಗಾರವಾ?' ಎಂದರು. ತುಮಕೂರಿನಲ್ಲಿ ಬೆಂಗಳೂರಿನ ಬಸ್ಸಿಗೆ ದಾಟಿಸಿ, ವಿಮಾನ ನಿಲ್ದಾಣದ ಕಚೇರಿಗೇ ಮುಟ್ಟಿಸಬೇಕೆಂದು ಅಕ್ಕ ಹೇಳಿದಳು. ಕಚೇರಿಗೇ! ಮನೆಗಲ್ಲ. ಸಣ್ಣ ಬಾಯಿಯವರ ಹೊಟ್ಟೆಯಲ್ಲಿ ಏನಿರುತ್ತದೆಂದು ನಮ್ಮಂಥ ದೊಡ್ಡ ಬಾಯಿಯವರಿಗೆ ತಿಳಿಯುವುದೇ ಇಲ್ಲ.

ಆಮೇಲೆ ಹತ್ತು ದಿನ ನಾವು ಮುದ್ದೆಗೆ ಮಜ್ಜಿಗೆ ನೆಂಚಿಕೊಂಡೆವು. ಅಕ್ಕ ಬೀದಿಬಾಗಿಲಿಗೆ ಬರಲಿಲ್ಲ. ಬಸ್ಸಿನ ಹೊತ್ತಿಗೆ ಮಾತ್ರ ಮಗುವಿಗೆ ಕಾಡಿಗೆ ಹಚ್ಚಿ, ಕುಲಾವಿಯಿಲ್ಲದ ತಲೆಯನ್ನು ನೇವರಿಸುತ್ತ ಒಳಗೆ ಕೂರುತ್ತಿದ್ದಳು. ಬಸ್ಸು ಹೋದ ಸದ್ದಾದ ಮೇಲೆ ಕಾಡಿಗೆ ಒರೆಸುತ್ತಿದ್ದಳು. ನಾನು ನೋಡದ ಹಾಗೆ ಇರುತ್ತಿದ್ದೆ. ಕಲ್ಲು ಕಳಿಸಿ ತಪ್ಪಾಯಿತೇನೋ, ಈ ಮನುಷ್ಯ ಕೋಪ ಮಾಡಿಕೊಂಡು ಅಕ್ಕನನ್ನು ಇಲ್ಲೇ ಬಿಟ್ಟುಬಿಟ್ಟರೆ ಏನು ಗತಿ ಎಂದು ನನಗೂ ಭಯವಾಯಿತು.

ಹನ್ನೊಂದನೆಯ ದಿನ ಬಸ್ಸು ಬರಲೇ ಇಲ್ಲ. ಮಿಡಿಗೇಶಿ ದಾಟಿದ ಮೇಲೆ ಪೀಪಾಯಿ ಒಡೆದು ನಿಂತಿತೆಂದು ಸಂತೆಯಿಂದ ಬಂದವರು ಹೇಳಿದರು. ಅಕ್ಕ ಕಾಡಿಗೆ ಒರೆಸಿದಳು. ಮಾರನೆಯ ದಿನ ಮಧ್ಯಾಹ್ನ ನಾವೆಲ್ಲ ಊಟಕ್ಕೆ ಕೂತಿದ್ದಾಗ ಬೀದಿಯಲ್ಲಿ ನರಸಮ್ಮನ ದನಿ ಕೇಳಿತು. 'ಅಲ್ಲುಡು ವಚ್ಚಿನಾಡು! ನಡಿಚಿ ವಚ್ಚಿನಾಡಮ್ಮೋ!' ಅಳಿಯ ಬಂದ, ನಡೆದುಕೊಂಡು ಬಂದ.

ನಾವು ಎಂಜಲು ಕೈಯಲ್ಲೇ ಬಾಗಿಲಿಗೆ ಓಡಿದೆವು. ಭಾವ ಬೀದಿಯ ನಡುವೆ ಬರುತ್ತಿದ್ದರು. ಕಾಲು ಮೊಣಕಾಲವರೆಗೆ ಕೆಂಧೂಳು. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೋಟಿನ ಜೇಬಿನಲ್ಲಿ. ಹೆಗಲ ಮೇಲೆ ಕೆಂಪು ಶಾಲಿನ ಗಂಟು, ಅದರ ತುದಿಗೆ ಕುಲಾವಿ ಹಾಗೇ ಇತ್ತು. ಎರಡೂ ಬದಿ ಜನ ಬಾಗಿಲಿಗೆ ಬಂದು ನಿಂತಿದ್ದರು. ಯಾರೂ ಟವೆಲು ಬೀಸಲಿಲ್ಲ.

ಜಗಲಿಯ ಮೇಲೆ ಗುಂಡಪ್ಪನನ್ನು ಇಳಿಸಿ, ಅವರು ಕಂಬ ಹಿಡಿದು ನಿಂತರು. ನಾನು ಎರಡು ವಾರದಿಂದ ಕೂಡಿಟ್ಟುಕೊಂಡ ಚುಚ್ಚುಮಾತುಗಳನ್ನೆಲ್ಲ ಬಿಟ್ಟು, ಕುಡಿಯಲು ನೀರು ತಂದುಕೊಟ್ಟೆ.

'ಬಸ್ಸು ನಿಂತುಹೋಯಿತು. ಎಷ್ಟು ದೂರ ಎಂದು ಕೇಳಿದರೆ ಎಲ್ಲರೂ ಇಲ್ಲೇ, ಇಲ್ಲೇ ಅಂದರು' ಎಂದರು. 'ಒಬ್ಬರೂ ನಿಜ ಹೇಳಲಿಲ್ಲ.'

'ನಿಜ ಹೇಳಿದ್ರೆ ಬತ್ತಿದ್ರಾ?' ಎಂದರು ಅಜ್ಜಿ.

ಭಾವ ತಲೆ ತಗ್ಗಿಸಿದರು. ಅಪ್ಪನ ಕಡೆ ತಿರುಗಿ, ಆದರೆ ಬಾಗಿಲ ಹಿಂದಿದ್ದ ಅಕ್ಕನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. 'ಅವತ್ತು ನಾನು ವಿಮಾನದಲ್ಲಿ ಬರಲಿಲ್ಲ ಮಾವಯ್ಯ. ಹತ್ತಿ ಕೂತಿದ್ದೆ. ಟಪಾಲು ಚೀಲಕ್ಕೆ ಜಾಗ ಬೇಕೆಂದು ಇಳಿಸಿದರು. ಗಡಿಯಾರ ನೋಡುತ್ತ ಅಲ್ಲೇ ನಿಂತಿದ್ದೆ. ಒಂಬತ್ತು ಮೂವತ್ತನಾಲ್ಕು ಆಯಿತು. ಇಷ್ಟು ಜನರ ಮುಂದೆ ಅಷ್ಟೆಲ್ಲ ಹೇಳಿಕೊಂಡ ಮೇಲೆ ಬಸ್ಸಿನಲ್ಲಿ ಬಂದು ಮುಖ ತೋರಿಸಲು ನಾಚಿಕೆಯಾಯಿತು.'

ಹೆಣ್ಣೆಂದು ಸಿಟ್ಟಲ್ಲ, ರಜೆಯೂ ಕಾರಣವಲ್ಲ. ಬರೀ ಜಂಭ! ಹಬ್ಬದ ದಿನ ತಲೆ ಒರೆಸಿಕೊಳ್ಳುತ್ತ ಆಡಿದ ಒಂದು ಮಾತಿಗೆ ಅಂಟಿಕೊಂಡು ಈ ಮಹಾಶಯರು ಮೂರು ತಿಂಗಳು ಕೂತಿದ್ದರು. ಆ ಜಂಭಕ್ಕೆ ಭೂಪಟ ಹಿಡಿದು ಗೆರೆ ಎಳೆದು, ಊರೆಲ್ಲ ಸಾರಿ ನೀರು ಹೊಯ್ದು ಬೆಳೆಸಿದವಳು ಯಾರು ಎಂದು ಆಗ ಯಾರೂ ಕೇಳಲಿಲ್ಲ. ಕೇಳದಿದ್ದುದೇ ಒಳ್ಳೆಯದಾಯಿತು.

ಅಜ್ಜಿ ಕಾಲು ತೊಳೆಯಲು ನೀರು ಕೊಟ್ಟರು, ಪಂಚಾಂಗ ನೋಡಿ ಹೊತ್ತು ಒಳ್ಳೆಯದಿದೆ ಎಂದರು. ಅಕ್ಕ ಒಳಗಿನಿಂದ ಬಂದಳು. ಮಗುವನ್ನು ಭಾವನ ಕೈಗಿಟ್ಟಳು. ಎರಡು ದಿನದಿಂದ ಕಲ್ಲು ಹೊತ್ತು ಬಿಗಿದುಹೋಗಿದ್ದ ತೋಳು ಅದು. ಅದೇ ಭಾರಕ್ಕೆ ಕಾದಿತ್ತೋ ಏನೋ, ಮಗು ಕೈಗೆ ಬಂದ ಕೂಡಲೇ ತೋಳು ತಾನಾಗಿ ಮೇಲಕ್ಕೆ ಹೋಯಿತು. ಮಗು ಬೆಚ್ಚಿ ಅವರ ಕೋಟಿನ ಗುಂಡಿ ಹಿಡಿದುಕೊಂಡಿತು.

'ಇಷ್ಟೇನಾ?' ಎಂದರು ಭಾವ. ಧೂಳು ಹಿಡಿದ ಮುಖದಲ್ಲಿ ನೀರು ಇಳಿಯುತ್ತಿತ್ತು. 'ಇಷ್ಟು ಹಗುರವಾ ಗೌರಿ?'

ಅಕ್ಕ ಅವರ ಹೆಗಲಿನ ಧೂಳು ಒರೆಸಿದಳು.

'ಅವಳು ಹುಟ್ಟಿದ ವಾರ ಬಂದಿದ್ರೆ' ಎಂದಳು, 'ಇನ್ನೂ ಹಗುರ ಇದ್ಲು.'